ಪೊರೆಗೂ ಬೇಕು ನೀರಿನ ನಂಟು

ಭಟ್ಕಳದ ಬಳಿಯ ಮುಟ್ಟಳ್ಳಿಯಂತಹ ಕರಾವಳಿಯ ಊರುಗಳಲ್ಲಿ ಬಾವಿಯೂ ಶೌಚದ ಗುಂಡಿಯೂ ಒಂದೇ ಹಿತ್ತಲಿನಲ್ಲಿರುವುದು ಅಪರೂಪವಲ್ಲ. ಜಂಬಿಟ್ಟಿಗೆಯ ನೆಲವೋ ತೂತು ತೂತು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಗುಂಡಿಯ ಕೊಳೆ ಬಾವಿಯನ್ನು ಸೇರಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಕೊಳಚೆ ನೀರಿನ ಶುದ್ಧೀಕರಣ ಕೇವಲ ಮಹಾನಗರಗಳ ಚಿಂತೆಯಲ್ಲ.

ಈ ಕೆಲಸಕ್ಕೆ ಒದಗುವ ಸಾಧನಗಳಲ್ಲೊಂದು ಮೆಂಬ್ರೇನ್, ಅಂದರೆ ಪೊರೆ. ಇದೊಂದು ಅತಿಸೂಕ್ಷ್ಮ ಜರಡಿ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್. ಬ್ಯಾಕ್ಟೀರಿಯಾದ ಗಾತ್ರ ಸಾಮಾನ್ಯವಾಗಿ 1000 ನ್ಯಾನೋಮೀಟರಿನ ಆಸುಪಾಸು. ಅಲ್ಟ್ರಾಫಿಲ್ಟ್ರೇಶನ್ ಪೊರೆಯ ರಂಧ್ರಗಳು 100ಕ್ಕಿಂತ ಕಿರಿದು. ಹಾಗಾದರೆ ತೊಡಕು ಯಾವುದು? ಪೊರೆ ಕಟ್ಟಿಕೊಳ್ಳುವುದು. ಪೊರೆಗೆ ಬಳಸುವ ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ ಗಟ್ಟಿಮುಟ್ಟು. ಆದರೆ, ಕೆಸುವಿನ ಎಲೆಯಷ್ಟಲ್ಲದಿದ್ದರೂ, ಅದಕ್ಕೆ ನೀರೆಂದರೆ ಅಷ್ಟಕ್ಕಷ್ಟೆ. ಜಿಡ್ಡು, ಪ್ರೋಟೀನುಗಳನ್ನು ಮಾತ್ರ ಬೇಗ ಅಂಟಿಸಿಕೊಳ್ಳುತ್ತದೆ. ಆಗ ನೀರನ್ನು ತಳ್ಳಲು ಹೆಚ್ಚು ಒತ್ತಡ ಬೇಕು, ವಿದ್ಯುತ್ ಬೇಕು, ಪದೇ ಪದೇ ರಾಸಾಯನಿಕದಿಂದ ತೊಳೆಯಬೇಕು.

ಪರಿಹಾರವನ್ನು ಹುಡುಕಿದವರಲ್ಲಿ ನಮ್ಮದೇ ಕರಾವಳಿಯವರೂ ಇದ್ದಾರೆ. ಭಟ್ಕಳದಿಂದ ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಅರುಣ್ ಎಂ. ಇಸ್ಲೂರ್ ಅವರ ತಂಡ ಮಲೇಷ್ಯಾದ ವಿಜ್ಞಾನಿಗಳೊಡನೆ ಸೇರಿ ಪಾಲಿಸಲ್ಫೋನ್ ಮತ್ತು ಕೈಟೋಸಾನ್ ಮಿಶ್ರಣಕ್ಕೆ ಟೈಟಾನಿಯಂ ಡೈಆಕ್ಸೈಡ್‌ನ ನ್ಯಾನೋ ಕೊಳವೆಗಳನ್ನು ಬೆರೆಸಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಟೈಟಾನಿಯಂ ಡೈಆಕ್ಸೈಡ್ ಬೇರೇನಲ್ಲ, ಗೋಡೆಯ ಪೇಂಟಿಗೆ ಬಿಳುಪು ಕೊಡುವ ವಸ್ತು. ಕೈಟೋಸಾನ್ ಸಿಗುವುದು ಸಿಗಡಿಯ ಚಿಪ್ಪಿನಿಂದ. ಮೀನುಪೇಟೆಯಲ್ಲಿ ನಾವು ಕಸವೆಂದು ಎಸೆಯುವುದು ಇದನ್ನೇ!

ಈ ಕಣಗಳು ಮಾಡುವುದೇನು? ಅವುಗಳ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಸೆಳೆದು ಹಿಡಿಯುತ್ತವೆ. ಪೊರೆಯ ಮೇಲೆ ತೆಳುವಾದ ನೀರಿನ ಹೊದಿಕೆ ಉಂಟಾಗುತ್ತದೆ. ಜಿಡ್ಡು ಅಂಟಬೇಕಾದರೆ ಮೊದಲು ಆ ಹೊದಿಕೆಯನ್ನು ಸರಿಸಬೇಕು, ಅದು ಸುಲಭವಲ್ಲ. ಪೊರೆ ಎಷ್ಟು ನೀರೊಲವಿನದು ಎಂದು ತಿಳಿಯಲು ಅದರ ಮೇಲೊಂದು ಹನಿ ಇಟ್ಟು ಅಂಚಿನ ಕೋನವನ್ನು ಅಳೆಯುತ್ತಾರೆ. ಕೆಸುವಿನ ಎಲೆಯ ಮೇಲೆ ಹನಿ ಗುಂಡಾಗಿ ನಿಲ್ಲುತ್ತದೆ, ಶುಭ್ರವಾದ ಗಾಜಿನ ಮೇಲೆ ಹರಡುತ್ತದೆ. ನೀವೇ ಮಾಡಿ ನೋಡಬಹುದು.

ಹೆಚ್ಚು ಕಣ ಹಾಕಿದಷ್ಟೂ ಒಳ್ಳೆಯದೆನ್ನುವಂತಿಲ್ಲ. ಮಿತಿ ಮೀರಿದರೆ ಅವು ಗಂಟುಗಟ್ಟಿ ರಂಧ್ರಗಳನ್ನೇ ಮುಚ್ಚುತ್ತವೆ, ಪೊರೆಯೂ ದುರ್ಬಲವಾಗುತ್ತದೆ. ಕಳಚಿಕೊಂಡ ಕಣ ನೀರಿನೊಡನೆ ಹೊಳೆ ಸೇರಿದರೆ ಮೀನುಗಳ ಗತಿಯೇನು ಎಂಬ ಪ್ರಶ್ನೆಯೂ ಇದೆ. ಹೀಗಾಗಿ ಹೊಸ ಪೊರೆಯನ್ನು ಒಪ್ಪುವ ಮೊದಲು ಅದು ಎಷ್ಟು ಶೋಧಿಸುತ್ತದೆ ಎಂಬುದರ ಜೊತೆಗೆ, ತನ್ನದೇ ಕಣಗಳನ್ನು ಎಷ್ಟು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.