ಸುದ್ದಿಮನೆಯಲ್ಲಿ ಸತ್ಯಾಣುವ್ರತ

ಜೈನಧರ್ಮವು ಗೃಹಸ್ಥರಿಗೆ ವಿಧಿಸಿರುವ ಐದು ಅಣುವ್ರತಗಳಲ್ಲಿ ಸತ್ಯವೂ ಒಂದು. ಸುಳ್ಳಾಡದಿರುವುದಷ್ಟಕ್ಕೇ ಈ ವ್ರತ ಮುಗಿಯುವುದಿಲ್ಲ. ಆಚಾರ್ಯ ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಹಿಂಸೆಗೂ ಅಸತ್ಯಕ್ಕೂ ಪ್ರಮಾದವನ್ನೇ, ಅಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನವನ್ನೇ ಮೂಲವಾಗಿ ಕಂಡಿದ್ದಾರೆ. ಅಸತ್ಯವೂ ಹಿಂಸೆಯ ಒಂದು ರೂಪವೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿವರಿಸಿದ್ದಾರೆ.

ಇದನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ವದಂತಿ ಹರಡಿದವರಲ್ಲಿ ಹಲವರಿಗೆ ಕೊಲ್ಲುವ ಉದ್ದೇಶ ಇದ್ದಿರಲಾರದು. ಪರಿಶೀಲಿಸುವ ಎಚ್ಚರವೂ ಇರಲಿಲ್ಲ. ಪ್ರಮಾದವೆಂದರೆ ಇದೇ.

ಇಂತಹ ವದಂತಿಗಳು ದಿನನಿತ್ಯ ಬಂದು ತಲುಪುವ ಒಂದು ಎಡೆ ಸುದ್ದಿ ಜಾಲತಾಣದ ಸಂಪಾದಕರ ಮೇಜು. ಮುದ್ರಿತ ಪತ್ರಿಕೆಗೆ ರಾತ್ರಿಯ ಗಡುವು. ಜಾಲತಾಣಕ್ಕೆ ಪ್ರತಿಕ್ಷಣವೂ ಗಡುವು. ಗಲಭೆಯದೆನ್ನಲಾದ ವಿಡಿಯೊವೊಂದು ಬರುತ್ತದೆ. ಅದು ಯಾವ ಊರಿನದು, ಯಾವ ವರ್ಷದ್ದು ಎಂಬುದು ತಿಳಿಯದು. ಬೇರೊಂದು ತಾಣ ಆಗಲೇ ಪ್ರಕಟಿಸಿಯೂ ಆಗಿರುತ್ತದೆ. ತಾವೇ ಮೊದಲಿಗರಾಗಬೇಕೆಂಬುದು ಮಾನ. ಓದುಗರ ಸಂಖ್ಯೆ ಏರಬೇಕೆಂಬುದು ಲೋಭ. ಎರಡೂ ಕಷಾಯಗಳೇ. ಆ ಗಳಿಗೆಯಲ್ಲಿ ಬೆರಳನ್ನು ತಡೆದು, ಸ್ಥಳದ ವರದಿಗಾರರಿಗೋ ಪೊಲೀಸರಿಗೋ ಕರೆ ಮಾಡಿ ವಿಚಾರಿಸುವುದು ಸಂಪಾದಕರ ಪಾಲಿನ ವ್ರತಪಾಲನೆ.

ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವು ಇಂದಿನ ಸುದ್ದಿಮನೆಗೂ ಕನ್ನಡಿ. ಓದುಗರನ್ನು ದಾರಿತಪ್ಪಿಸುವ ಶೀರ್ಷಿಕೆ ಮಿಥ್ಯೋಪದೇಶಕ್ಕೆ ಸಮ. ನೊಂದ ಮನೆಯ ಗುಟ್ಟನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ತಿರುಚಿದ ದಾಖಲೆ ಕೂಟಲೇಖ. ಮುಖಚರ್ಯೆಯಿಂದ ಇಂಗಿತವನ್ನು ಊಹಿಸಿ ಸಾರುವುದು ಸಾಕಾರಮಂತ್ರಭೇದ.

ಎಷ್ಟೇ ಎಚ್ಚರವಿದ್ದರೂ ತಪ್ಪು ಸಂಭವಿಸೀತು. ಜಾಲತಾಣದಲ್ಲಿ ಅದನ್ನು ಸದ್ದಿಲ್ಲದೆ ಅಳಿಸಿಬಿಡಬಹುದು. ಆದರೆ ಅಷ್ಟರಲ್ಲಿ ಅದು ಎಷ್ಟೋ ಜನರ ಕೈ ಸೇರಿರುತ್ತದೆ. ದೋಷವನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸುವುದು ಆಲೋಚನೆ. ಆ ದೋಷದಿಂದ ಹಿಂದಿರುಗುವುದು ಪ್ರತಿಕ್ರಮಣ. ‘ಮೊದಲು ಪ್ರಕಟವಾದ ವರದಿಯಲ್ಲಿ ತಪ್ಪಿತ್ತು’ ಎಂದು ಅದೇ ಪುಟದ ಮೇಲ್ಭಾಗದಲ್ಲಿ ಬರೆಯುವ ಸಂಪಾದಕರು ಈ ದಾರಿಯನ್ನೇ ಹಿಡಿದವರು. ಅವರ ಮಾನ ಕುಗ್ಗಬಹುದು, ಸತ್ಯ ಉಳಿಯುತ್ತದೆ.

ಮೊಬೈಲ್ ಹಿಡಿದ ಪ್ರತಿಯೊಬ್ಬರೂ ಇಂದು ಒಂದು ಬಗೆಯಲ್ಲಿ ಸಂಪಾದಕರೇ. ಸಂದೇಶವೊಂದನ್ನು ಇತರರಿಗೆ ಕಳುಹಿಸುವ ಮುನ್ನ ಒಂದು ಗಳಿಗೆ ನಿಂತು ವಿಚಾರಿಸಿದರೆ, ಅಷ್ಟರಮಟ್ಟಿಗೆ ಅಹಿಂಸೆಯನ್ನೂ ಪಾಲಿಸಿದಂತೆ.