ಎಲ್ಲಿ ನಿಲ್ಲಬೇಕೆಂದು ಬಲ್ಲವರು

ಮೂರ್ನಾಲ್ಕು ಕ್ವಿಂಟಲ್ ತೂಗುವ ಎತ್ತು ನೆಲಕ್ಕೆ ಬೀಳುವಾಗ ದೊಡ್ಡ ಸದ್ದೇನೂ ಆಗುವುದಿಲ್ಲ. ಲಾಳ ಕಟ್ಟುವವರ ಕೆಲಸವನ್ನು ಮೊದಲ ಸಲ ಹತ್ತಿರದಿಂದ ನೋಡುವವರಿಗೆ ಅಚ್ಚರಿಯಾಗುವುದು ಇಲ್ಲೇ. ಕೊರಳಿಗೊಂದು ಸುತ್ತು, ಮುಂಗಾಲಿನ ಹಿಂದೆ ಎದೆಗೊಂದು ಸುತ್ತು, ಹಿಂಗಾಲಿನ ಮುಂದೆ ಹೊಟ್ಟೆಗೊಂದು ಸುತ್ತು. ಒಬ್ಬ ಮೂಗುದಾರ ಹಿಡಿದು ತಲೆ ಕಾಯುತ್ತಾನೆ, ಇನ್ನೊಬ್ಬ ಹಗ್ಗದ ತುದಿಯನ್ನು ಬಾಲದ ನೇರಕ್ಕೆ ಒಂದೇ ಸಮನೆ ಎಳೆಯುತ್ತಾನೆ. ಎತ್ತು ಒಂದೆರಡು ಹೆಜ್ಜೆ ತಡವರಿಸಿ, ಕಾಲು ಮಡಚಿ, ಸಾಕಾಯಿತು ಎನ್ನುವಂತೆ ಮಗ್ಗುಲಾಗುತ್ತದೆ. ಹೊಡೆತವಿಲ್ಲ, ಕೂಗಾಟವಿಲ್ಲ. ಪಶುವೈದ್ಯರ ಪಠ್ಯಪುಸ್ತಕಗಳಲ್ಲಿ ಇದಕ್ಕೆ ರೂಫ್ ವಿಧಾನ ಎಂಬ ಹೆಸರಿದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲೋ ಚುಂಚನಕಟ್ಟೆಯಲ್ಲೋ ಎತ್ತು ಕೆಡವುವವರನ್ನು ಕೇಳಿದರೆ ಅದಕ್ಕೊಂದು ಹೆಸರು ಬೇಕೆಂದೇ ಅವರಿಗೆ ಅನ್ನಿಸಿರುವುದಿಲ್ಲ.

ಕೆಲಸದ ಜಾಗದ ಸುರಕ್ಷತೆ ಎಂದಕೂಡಲೇ ನಮಗೆ ಕಾರ್ಖಾನೆ, ಹೆಲ್ಮೆಟ್ಟು, ಗೋಡೆಯ ಮೇಲಿನ ಎಚ್ಚರಿಕೆಯ ಬೋರ್ಡು ನೆನಪಾಗುತ್ತವೆ. ಕೊಟ್ಟಿಗೆಯೂ ಕೆಲಸದ ಜಾಗವೇ. ಅಲ್ಲಿ ಬೋರ್ಡಿಲ್ಲ, ಇರುವುದು ಹಗ್ಗ, ಮತ್ತು ಎಲ್ಲಿ ನಿಲ್ಲಬೇಕು ಎಂಬ ತಿಳಿವಳಿಕೆ. ಆ ತಿಳಿವಳಿಕೆಯನ್ನು ಕಸುಬಾಗಿ ಉಳಿಸಿಕೊಂಡು ಬಂದವರು ಲಾಳ ಕಟ್ಟುವವರು.

ಕುದುರೆ ಒಂದು ಕಾಲು ಎತ್ತಿಕೊಟ್ಟು ಮೂರರ ಮೇಲೆ ನಿಲ್ಲುತ್ತದೆ. ಎತ್ತು ಹಾಗಲ್ಲ, ಕಾಲೆತ್ತಿದರೆ ಎತ್ತಿದವನ ಮೇಲೇ ಭಾರ ಹಾಕುತ್ತದೆ, ಇಲ್ಲವೇ ಝಾಡಿಸುತ್ತದೆ. ಅದಕ್ಕೇ ಕೆಡವಬೇಕು. ಕುದುರೆಯ ಗೊರಸಿಗೆ ಬಾಗಿದ ಒಂದೇ ಲಾಳವಾದರೆ, ಎತ್ತಿನದು ಸೀಳುಗೊರಸು. ಕಾಲಿಗೆ ಎರಡು ಚಪ್ಪಟೆ ತಗಡು, ನಾಲ್ಕು ಕಾಲಿಗೆ 8. ಗೊರಸಿನ ಗೋಡೆ ತೆಳು. ಮೊಳೆ ಹೊರಮುಖವಾಗಿ ಓರೆಯಾಗಿ ಹೋಗಬೇಕು. ಕೂದಲೆಳೆಯಷ್ಟು ಒಳಗೆ ತಿರುಗಿದರೂ ಜೀವದ ಭಾಗಕ್ಕೆ ತಾಗಿ, ಕೀವಾಗಿ, ಎತ್ತು ಕುಂಟುತ್ತದೆ.

ಆದರೆ ಈ ಕಸುಬಿನ ನಿಜವಾದ ಜಾಣ್ಮೆ ಸುತ್ತಿಗೆಯಲ್ಲಿಲ್ಲ, ಅದಕ್ಕೂ ಮೊದಲಿನ ತಯಾರಿಯಲ್ಲಿದೆ. ಕೆಡವುವ ಜಾಗದಲ್ಲಿ ಕಲ್ಲಿರಬಾರದು. ಮರಳೋ ಹುಲ್ಲಿನ ಹಾಸೋ ಇರಬೇಕು. ಎತ್ತಿನ ಹೊಟ್ಟೆ ತುಂಬಿರಬಾರದು. ಮೆಲುಕು ಹಾಕುವ ಪ್ರಾಣಿ ಮಗ್ಗುಲಾಗಿ ಮಲಗಿದರೆ ಹೊಟ್ಟೆಯ ಗಾಳಿ ತೇಗಿನಲ್ಲಿ ಹೊರಬರುವುದಿಲ್ಲ. ಹೊಟ್ಟೆ ಉಬ್ಬಿ ಎದೆಯನ್ನು ಒತ್ತುತ್ತದೆ, ಉಸಿರು ಕಟ್ಟುತ್ತದೆ. ಗಬ್ಬದ ಹಸುವನ್ನು ಕೆಡವುವ ಮಾತೇ ಇಲ್ಲ. ಕೊರಳಿಗೆ ಹಾಕುವ ಗಂಟು ಜೀರುಕುಣಿಕೆ ಆಗಕೂಡದು, ಎಳೆದಷ್ಟೂ ಬಿಗಿದು ಉಸಿರು ನಿಲ್ಲಿಸುತ್ತದೆ. ಕಂಬಕ್ಕೆ ಕಟ್ಟುವ ಗಂಟು ಮಾತ್ರ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರಬೇಕು. ಒಂದೇ ಹಗ್ಗ, ಎರಡು ತುದಿಗೆ ಎರಡು ನ್ಯಾಯ.

ಇನ್ನೊಂದು ನಿಯಮವನ್ನು ನಾನು ಮೈಮೇಲೇ ಕಲಿತೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಹುಡುಗನಾಗಿದ್ದಾಗ ಕರುವಿನ ಕಣ್ಣಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿ ಠೀವಿಯಿಂದ ಹೊರಟಿದ್ದೆ. ಕರು ಬೆದರಿ ಓಡಿತು, ನಾನೂ ಜೊತೆಗೆ ಓಡಿದೆ, ಆಮೇಲೆ ಎಳೆದಾಡಿಸಿಕೊಂಡೆ. ತೋರುಬೆರಳಿನ ಬುಡದಲ್ಲಿ ಗುರುತು ಇನ್ನೂ ಇದೆ. ಅದು ಕರುವಾಗಿದ್ದದ್ದು ನನ್ನ ಪುಣ್ಯ. ಹೋರಿಯಾಗಿದ್ದರೆ ಬೆರಳೇ ಉಳಿಯುತ್ತಿರಲಿಲ್ಲ.

ಬಿದ್ದ ಎತ್ತಿನ ಬೆನ್ನಿನ ಕಡೆ ನಿಲ್ಲಬೇಕು, ಕಾಲಿನ ಕಡೆ ಸುಳಿಯಬಾರದು. ಕೆಲಸ ಮುಗಿದ ಮೇಲೆ ಮೊದಲು ಕಾಲಿನ ಕಟ್ಟು ಬಿಚ್ಚುವುದು, ತಲೆ ಹಿಡಿದವನು ಕೊನೆಯಲ್ಲಿ ಬಿಡುವುದು. ಪೆಟ್ಟು ಬೀಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ: ಮುಗಿಯಿತಲ್ಲ ಎಂದು ಮೈಮರೆತಾಗ.

ಹೋಬಳಿಯ ಪಶು ಆಸ್ಪತ್ರೆಯ ಅಂಗಳದಲ್ಲಿ ಕಬ್ಬಿಣದ ಕೊಳವೆಗಳ ಒಂದು ಚೌಕಟ್ಟು ನೆಟ್ಟಿರುವುದನ್ನು ನೀವು ನೋಡಿರುತ್ತೀರಿ. ಅದರ ಹೆಸರು ಟ್ರೆವಿಸ್. ಎತ್ತು ಕೆಡವುವ ಬದಲು ನಿಂತಂತೆಯೇ ಹಿಡಿದಿಡುವ ಉಪಾಯ. ಫ್ರಾನ್ಸ್, ಸ್ಪೇನ್ ದೇಶಗಳ ಹಳ್ಳಿಗಳಲ್ಲಿ ಇಂಥದೇ ಮರದ ಚೌಕಟ್ಟುಗಳಿದ್ದವು. ಅವುಗಳೊಳಗೆ ದನವನ್ನು ನಿಲ್ಲಿಸಿ, ಹೊಟ್ಟೆಯಡಿ ಪಟ್ಟಿ ಕೊಟ್ಟು ಮೇಲಕ್ಕೆಳೆದು ಲಾಳ ಹೊಡೆಯುತ್ತಿದ್ದರು. ಕೆಲವು ಇಂದಿಗೂ ಹಳ್ಳಿ ಚೌಕಗಳಲ್ಲಿ ನಿಂತಿವೆ. ಅವರು ಎತ್ತನ್ನು ಎತ್ತಿದರು, ನಾವು ಕೆಡವಿದೆವು. ಗುರಿ ಒಂದೇ.

ಟ್ರೆವಿಸ್ ಇದ್ದಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. ಹಿಂದಿನ ಅಡ್ಡಕೊಳವೆ ಹಾಕುವ ಮುಂಚೆ ಹಿಂಬದಿಗೆ ಹೋದರೆ ಒದೆ. ಕೊಳವೆಗೂ ಹಸುವಿನ ಪಕ್ಕೆಗೂ ನಡುವೆ ಕೈ ತೂರಿಸಿದರೆ, ಹಸು ಒಮ್ಮೆ ವಾಲಿದರೂ ಸಾಕು, ಮೂಳೆ ನುಜ್ಜು. ಕೃತಕ ಗರ್ಭಧಾರಣೆ ಮಾಡುವವರದು ಇನ್ನೂ ಕಷ್ಟದ ಪಾಡು: ತೋಳಿನವರೆಗೆ ಕೈ ಒಳಗಿದ್ದಾಗ ಹಸು ಕುಸಿದು ಕೂತರೆ ತೋಳೇ ಮುರಿಯಬಹುದು. ಎಷ್ಟೋ ಮನೆಗಳಲ್ಲಿ ಇವರು ಬಂದಾಗ ಹಸುವನ್ನು ಸಡಿಲ ಹಗ್ಗದಲ್ಲಿ ಗೂಟಕ್ಕೆ ಕಟ್ಟಿ, ‘ನಮ್ಮ ಗೌರಿ ಏನೂ ಮಾಡಲ್ಲ ಸಾರ್’ ಎಂದುಬಿಡುತ್ತಾರೆ. ಗೌರಿ ಮನೆಯವರಿಗೆ ಏನೂ ಮಾಡುವುದಿಲ್ಲ ಎಂಬುದು ನಿಜ. ಸೂಜಿ ಹಿಡಿದು ಬಂದ ಹೊಸಬನ ವಿಷಯದಲ್ಲಿ ಗೌರಿ ಯಾರಿಗೂ ಭಾಷೆ ಕೊಟ್ಟಿಲ್ಲ.

ದನದ ಕಣ್ಣು ತಲೆಯ ಅಕ್ಕಪಕ್ಕದಲ್ಲಿವೆ. ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ, ನೇರ ಹಿಂಬದಿ ಕಾಣುವುದಿಲ್ಲ. ಅಲ್ಲಿಂದ ಸದ್ದಿಲ್ಲದೆ ಬಂದು ಮುಟ್ಟಿದರೆ ಒದೆಯುತ್ತದೆ. ಹಳಬರು ಕೊಟ್ಟಿಗೆಗೆ ಕಾಲಿಡುವಾಗಲೇ ‘ಹೋ ಹೋ’ ಅನ್ನುತ್ತ, ಹೆಸರು ಹಿಡಿದು ಮಾತಾಡುತ್ತ ಬರುತ್ತಿದ್ದದ್ದು ಬರೀ ಅಕ್ಕರೆಗಲ್ಲ. ಕುದುರೆ ಒದೆಯುವುದು ಹಿಂದಕ್ಕೆ. ಹಸುವಿನ ಹಿಂಗಾಲು ಮುಂದಕ್ಕೆ ಬಂದು ಪಕ್ಕಕ್ಕೆ ಬೀಸುತ್ತದೆ, ಹಾಲು ಕರೆಯುವವರ ಮೊಣಕಾಲು, ಚೊಂಬು ಎರಡೂ ಆ ಬೀಸಿನೊಳಗೇ ಇರುತ್ತವೆ. ಹೆದರಿ ಒಂದು ಮಾರು ದೂರ ನಿಂತರೆ ಪೆಟ್ಟು ಪೂರ್ತಿ ಬೀಳುತ್ತದೆ. ಮೈಗೆ ಒತ್ತಿ ನಿಂತರೆ ಬರೀ ತಳ್ಳಿದಂತಾಗುತ್ತದೆ. ನೆರಳು, ಚರಂಡಿಯ ಕಂಬಿ, ಹೊಳೆಯುವ ನೀರು ಕಂಡರೆ ದನ ಗಕ್ಕನೆ ನಿಲ್ಲುವುದು ಹಟದಿಂದಲ್ಲ. ಆಳ ಎಷ್ಟೆಂದು ಅದಕ್ಕೆ ಬೇಗ ತಿಳಿಯುವುದಿಲ್ಲ. ಅಲ್ಲಿ ಬಾಲ ತಿರುಚುವವನು ದಡ್ಡ, ದನವಲ್ಲ.

ಎಲ್ಲಕ್ಕಿಂತ ನಂಬಬಾರದ್ದು ಕರು ಹಾಕಿದ ಹಸು. ವರ್ಷವಿಡೀ ಮಕ್ಕಳು ಕೊರಳಿಗೆ ಜೋತುಬಿದ್ದಿದ್ದ ಹಸುವೇ ಆ ಎರಡು ದಿನ ಹಾಯಲು ಬರುತ್ತದೆ. ತಾಯಿಗೂ ಕರುವಿಗೂ ನಡುವೆ ನಿಲ್ಲಬಾರದು, ನಾಯಿಯನ್ನು ಹತ್ತಿರ ಬಿಡಬಾರದು.

ಇವೆಲ್ಲ ಕಣ್ಣಿಗೆ ಕಾಣುವ ಅಪಾಯ. ಕಾಣದ್ದು ಇನ್ನೂ ಕೆಟ್ಟದ್ದು. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಎತ್ತಿ ತಿಪ್ಪೆಗೆ ಹಾಕುವುದು ನಮ್ಮಲ್ಲಿ ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸ. ಬ್ರುಸೆಲ್ಲಾ ಎಂಬ ರೋಗಾಣು ಆ ಕಂದಿನಲ್ಲಿ, ಮಾಸಿನಲ್ಲಿ, ಸೋರುವ ನೀರಿನಲ್ಲಿ, ಕಾಯಿಸದ ಹಾಲಿನಲ್ಲಿ ಇರುತ್ತದೆ. ಮನುಷ್ಯರಿಗೆ ಹತ್ತಿದರೆ ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ತಿಂಗಳುಗಟ್ಟಲೆ ಕೀಲುನೋವು. ವಯಸ್ಸಾಯಿತು ಅಂದುಕೊಂಡು ಸುಮ್ಮನಿರುವವರೇ ಹೆಚ್ಚು. ಇದಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಂದೇ ಸಲ ಹಾಕುವ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆಗೆ ಇದನ್ನೂ ಸೇರಿಸಿದ್ದಾರೆ. ಅದು ಜೀವಂತ ಲಸಿಕೆ. ಹಾಕುವವರ ಕೈಗೇ ಸೂಜಿ ಚುಚ್ಚಿದರೆ ಅವರಿಗೂ ರೋಗ ಬರಬಹುದು. ಅದಕ್ಕೇ ಗ್ಲೌಸು, ಕನ್ನಡಕ. ಕೊಟ್ಟಿಗೆಯಲ್ಲಿ ಅವನ್ನು ಹಾಕಿಕೊಂಡವರನ್ನು ನೋಡಿ ನಗಬೇಡಿ.

ಹುಚ್ಚುನಾಯಿ ಕಚ್ಚಿದ ದನ ಜೊಲ್ಲು ಸುರಿಸುತ್ತದೆ, ಒಡಕು ದನಿಯಲ್ಲಿ ಕೂಗುತ್ತದೆ, ಮೇವು ನುಂಗಲಾರದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಯಜಮಾನ ಬಾಯಿಗೆ ಕೈ ಹಾಕುತ್ತಾನೆ. ಹಾಗೆ ಹಾಕಿದವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಬೇಕು. ಇದ್ದಕ್ಕಿದ್ದಂತೆ ಸತ್ತ ದನದ ಮೂಗು, ಗುದದಿಂದ ಹೆಪ್ಪುಗಟ್ಟದ ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಕುಯ್ಯಬೇಡಿ, ಸುಲಿಯಬೇಡಿ, ಡಾಕ್ಟರು ಬರುವವರೆಗೆ ಮುಟ್ಟಲೂ ಬೇಡಿ.

ಟ್ರ್ಯಾಕ್ಟರು ಬಂದು ಎತ್ತು ಕಮ್ಮಿಯಾಯಿತು, ಎತ್ತಿನ ಜೊತೆ ಲಾಳದವರೂ. ಅವರ ಜಾಗಕ್ಕೆ ಈಗ ಬಂದಿರುವುದು ಸೀಮೆಹಸುಗಳ ಡೇರಿಯಲ್ಲಿ ಸಂಬಳಕ್ಕೆ ದುಡಿಯುವವರು; ದನದ ಜೊತೆ ಬೆಳೆಯದ ಹುಡುಗರೇ ಅವರಲ್ಲಿ ಹಲವರು. ಅವರಿಗೆ ಹಗ್ಗ ಹಿಡಿಯುವುದನ್ನು ಕಲಿಸುವ ಹೊಣೆ ಯಾರದೂ ಅಲ್ಲ ಎಂಬಂತಾಗಿದೆ. ಇದು ಯಜಮಾನರ ಹೊಣೆ ಎಂದೇ ನನ್ನ ಅನಿಸಿಕೆ. ಹಾಲಿನ ಲೆಕ್ಕ ಕಲಿಸುವ ಮೊದಲು ಗಂಟು ಕಲಿಸಲಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಲಿ.

ದನಕ್ಕೆ ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಆಸ್ಪತ್ರೆಯ ವಾಹನ ಮನೆ ಬಾಗಿಲಿಗೆ ಬರುತ್ತದೆ. ಅವರು ಬರುವಷ್ಟರಲ್ಲಿ ಹಸುವನ್ನು ಗಟ್ಟಿ ಕಂಬಕ್ಕೆ ಮೋಟಾಗಿ ಕಟ್ಟಿಡಿ, ಸಗಣಿ ಬಳಿದು ನೆಲ ಒಣಗಿಸಿ, ಮಕ್ಕಳನ್ನು ಒಳಗೆ ಕಳಿಸಿ, ಒಂದು ಬಕೆಟ್ಟು ನೀರು, ಸೋಪು ಇಡಿ. ಹಸು ಒದೆಯುವ ಪೈಕಿಯಾದರೆ ಅದನ್ನೂ ಮುಚ್ಚಿಡದೆ ಹೇಳಿಬಿಡಿ.