ವಿಭಕ್ತವಾದ ಸಂಬಂಧಜಾಲದಲ್ಲಿ ಪ್ರಶ್ನೋತ್ತರಕ್ರಮ

ವಸ್ತುಗಳನ್ನು ಬಿಂದುಗಳೆಂದೂ ಅವುಗಳ ಪರಸ್ಪರ ಸಂಬಂಧಗಳನ್ನು ರೇಖೆಗಳೆಂದೂ ಕಲ್ಪಿಸಿದಾಗ ಉಂಟಾಗುವ ಜಾಲವನ್ನು ಗಣಿತಜ್ಞರು ಗ್ರಾಫ್ ಎಂದು ಕರೆಯುವರು. 2013ರಲ್ಲಿ ಫೇಸ್‌ಬುಕ್ ಸಂಸ್ಥೆಯವರು ಒಂದು ಲಕ್ಷ ಕೋಟಿ ರೇಖೆಗಳುಳ್ಳ ಜಾಲವನ್ನು 200 ಗಣಕಯಂತ್ರಗಳಲ್ಲಿ ಹಂಚಿ ಗಣಿಸಿದರು. ಇಂತಹ ಜಾಲವು ಒಂದೇ ಯಂತ್ರದಲ್ಲಿ ಅಡಕವಾಗದಿರುವುದರಿಂದ ವಿಭಜನೆಯು ಅನಿವಾರ್ಯವಾಗುತ್ತದೆ. ಹಾಗೆ ವಿಭಜಿಸಿದ ಮೇಲೆ ಉತ್ತರವನ್ನು ಪಡೆಯುವ ಬಗೆ ಹೇಗೆಂಬುದೇ ಇಲ್ಲಿಯ ವಿಚಾರ.

ಪಾಣಿನಿಯ ಎಂಟು ಅಧ್ಯಾಯಗಳನ್ನು ಎಂಟು ಮಂದಿ ವಿದ್ಯಾರ್ಥಿಗಳು ಒಂದೊಂದಾಗಿ ಕಂಠಸ್ಥ ಮಾಡಿರುವರೆಂದು ಭಾವಿಸೋಣ. ‘ರಾಮಃ’ ಎಂಬ ರೂಪವನ್ನು ಸಾಧಿಸಬೇಕಾದರೆ ಪ್ರಾತಿಪದಿಕಸಂಜ್ಞೆಗೆ ಮೊದಲನೆಯವನನ್ನೂ, ಸುಪ್ರತ್ಯಯಕ್ಕೆ ನಾಲ್ಕನೆಯವನನ್ನೂ, ವಿಸರ್ಗಕ್ಕೆ ಎಂಟನೆಯವನನ್ನೂ ಕೇಳಬೇಕಾಗುವುದು. ಸೂತ್ರವನ್ನು ನೆನೆಯುವುದಕ್ಕೆ ಕ್ಷಣವೇ ಸಾಕು. ಕಾಲವೆಲ್ಲ ಒಬ್ಬನಿಂದ ಮತ್ತೊಬ್ಬನ ಬಳಿಗೆ ಹೋಗುವುದರಲ್ಲಿಯೇ ವ್ಯಯವಾಗುತ್ತದೆ. ಯಂತ್ರಗಳ ವಿಷಯದಲ್ಲಿಯೂ ಇದೇ ನ್ಯಾಯ. ಯಂತ್ರದ ಎಲ್ಲೆಯನ್ನು ದಾಟುವ ರೇಖೆಗಳೇ ಶ್ರಮಕ್ಕೆ ಮುಖ್ಯ ಕಾರಣ.

ಗೂಗಲ್ ಸಂಸ್ಥೆಯವರು 2010ರಲ್ಲಿ ಪ್ರಕಟಿಸಿದ ಪ್ರೆಗೆಲ್ ಎಂಬ ಪದ್ಧತಿಯಲ್ಲಿ ಗಣನೆಯು ಆವೃತ್ತಿ ಆವೃತ್ತಿಯಾಗಿ ನಡೆಯುತ್ತದೆ. ಪ್ರತಿಯೊಂದು ಬಿಂದುವೂ ತನಗೆ ಬಂದ ಸಂದೇಶಗಳನ್ನು ಗ್ರಹಿಸಿ, ತನ್ನ ಸ್ಥಿತಿಯನ್ನು ತಿದ್ದಿಕೊಂಡು, ಇತರ ಬಿಂದುಗಳಿಗೆ ಸಂದೇಶ ಕಳುಹಿಸುವುದು. ಎಲ್ಲ ಯಂತ್ರಗಳೂ ಮುಗಿಸುವ ತನಕ ಮುಂದಿನ ಆವೃತ್ತಿಯಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು: ಒಂದೇ ಬಿಂದುವಿಗೆ ಕೋಟಿಗಟ್ಟಲೆ ರೇಖೆಗಳಿದ್ದರೆ ಅದನ್ನು ಹೊತ್ತ ಯಂತ್ರಕ್ಕಾಗಿ ಉಳಿದವು ಸುಮ್ಮನೆ ಕಾಯಬೇಕಾಗದೆ? 2012ರಲ್ಲಿ ಪ್ರಕಟವಾದ ಪವರ್‌ಗ್ರಾಫ್ ಪದ್ಧತಿಯು ಇದಕ್ಕೆ ಸಮಾಧಾನ ಹೇಳಿತು. ಅದು ರೇಖೆಗಳನ್ನು ಯಂತ್ರಗಳಿಗೆ ಹಂಚಿ, ಬಿಂದುವಿನ ಪ್ರತಿಗಳನ್ನು ಬೇಕಾದ ಕಡೆಗಳಲ್ಲೆಲ್ಲ ಇರಿಸುತ್ತದೆ. ಪರಿಭಾಷಾಸೂತ್ರಗಳನ್ನು ಎಂಟು ಮಂದಿಯೂ ಕಲಿತಿರುವಂತೆ ಇದು. ಆದರೆ ಪ್ರತಿಗಳಲ್ಲಿ ಪಾಠಭೇದವುಂಟಾಗದಂತೆ ಅವುಗಳನ್ನು ಆಗಾಗ್ಗೆ ಸರಿಹೊಂದಿಸುತ್ತಿರಬೇಕು.

ಈ ವಿಚಾರವು ವಿದ್ವಾಂಸರಿಗೆ ಪರಕೀಯವಲ್ಲ. ವಿಕಿಡೇಟಾ ಎಂಬ ಸಾರ್ವಜನಿಕ ಜ್ಞಾನಕೋಶದ ಪ್ರಶ್ನಾವ್ಯವಸ್ಥೆಯನ್ನು, ಅದರ ಜಾಲವು ಮಿತಿಮೀರಿ ಬೆಳೆದುದರಿಂದ, 2025ರಲ್ಲಿ ಎರಡಾಗಿ ವಿಭಜಿಸಿದರು. ವಿದ್ವತ್ಪ್ರಬಂಧಗಳ ವಿವರಗಳು ಒಂದು ಕಡೆ, ಉಳಿದುದೆಲ್ಲ ಮತ್ತೊಂದು ಕಡೆ. ಗ್ರಂಥಕರ್ತರ ಜನ್ಮಸ್ಥಳವು ಒಂದರಲ್ಲಿ, ಅವರ ಪ್ರಬಂಧಗಳು ಇನ್ನೊಂದರಲ್ಲಿ ಇರುವುವು. ಮೈಸೂರಿನಲ್ಲಿ ಜನಿಸಿದವರು ಬರೆದ ಪ್ರಬಂಧಗಳಾವುವು ಎಂದು ಕೇಳುವವನು ಮೊದಲು ಆ ಕೆಲವು ಲೇಖಕರನ್ನು ಗೊತ್ತುಮಾಡಿಕೊಂಡು, ಅವರನ್ನು ಮಾತ್ರ ಎರಡನೆಯ ಜಾಲದಲ್ಲಿ ಹುಡುಕಬೇಕು. ಪ್ರಬಂಧರಾಶಿಯಿಂದ ಆರಂಭಿಸಿದರೆ ಕೋಟ್ಯಂತರ ವಿವರಗಳು ವೃಥಾ ಸಂಚರಿಸುವುವು. ಒಂದು ಜಾಲವನ್ನು ಮಾತ್ರ ಕೇಳಿದರಂತೂ ಉತ್ತರವು ನ್ಯೂನವಾಗುವುದು. ಆ ನ್ಯೂನತೆಯು ಮೇಲುನೋಟಕ್ಕೆ ತಿಳಿಯುವುದೂ ಇಲ್ಲ. ಪ್ರಬಂಧವಿಲ್ಲವೆಂಬುದು ಬೇರೆ, ಕೇಳಿದ ಕಡೆ ಇಲ್ಲವೆಂಬುದು ಬೇರೆ.

ಆದುದರಿಂದ ಜಾಲವನ್ನು ಎಲ್ಲಿ ಕತ್ತರಿಸಿದೆಯೆಂಬುದನ್ನು ತಿಳಿದೇ ಪ್ರಶ್ನೆಯನ್ನು ರಚಿಸತಕ್ಕದ್ದು. ಈ ಜಾಲಗಳಿಂದ ಪ್ರಮಾಣವನ್ನು ಉದ್ಧರಿಸುವ ಸಂಶೋಧಕರಿಗೂ ಇದು ಅವಶ್ಯಜ್ಞೇಯವಾದ ವಿಷಯ.